ಎದೆ ಅಂದರೆ ಯಾವುದು

ಮಾರ್ಚ್ ೧೫, ಭಾನುವಾರ

ಪ್ರೀತಿಯ ಗುಬ್ಬಿಗೆ ನಿನ್ನ ಅಕ್ಕನ ನೂರು ಆಶೀರ್ವಾದ.

ನಿನ್ನ ಕಾಗದ ಬಂದು ಎರಡು ತಿಂಗಳಾಯಿತು. ಉತ್ತರ ಬರೆಯಲಿಲ್ಲ ಅಂತ ಮುಖ ಊದಿಸಿಕೊಂಡಿರುತ್ತೀಯ, ನನಗೆ ಗೊತ್ತು. ಬೈಯುವುದಿದ್ದರೆ ಈಗಲೇ ಬೈದು ಮುಗಿಸು, ಆಮೇಲೆ ಓದು. ನಿನ್ನ ಹಾರ್ಟ್ ಚೆಕಪ್ ರಿಪೋರ್ಟಿನ ಫೋಟೋ ನೋಡಿದೆ. ವರ್ಷಾ ವರ್ಷ ತಪ್ಪದೆ ಮಾಡಿಸುತ್ತೀಯ, ದಿನಾ ಬೆಳಿಗ್ಗೆ ಒಂದು ಗಂಟೆ ನಡೆಯುತ್ತೀಯ, ಎಣ್ಣೆ ಮುಟ್ಟುವುದಿಲ್ಲ. ನಿನ್ನ ಜೊತೆ ಸಪ್ಪೆ ಊಟ ತಿಂದೂ ತಿಂದೂ ನಿನ್ನ ಯಜಮಾನರು ಪಾಪ ಸೊರಗಿಹೋಗಿರಬೇಕು. ಅವರನ್ನು ಕೇಳಿದೆ ಅಂತ ಹೇಳು. ಮಗಳಿಗೆ ಮುತ್ತು.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿನ್ನ ಫೋನು ಯಾವಾಗಲೂ ಸ್ಪೀಕರಿನಲ್ಲೇ ಇರುತ್ತೆ, ಒಂದು ಕಡೆ ಕುಕ್ಕರು, ಒಂದು ಕಡೆ ಟೀವಿ. ಅದೂ ಅಲ್ಲದೆ ಒಂದು ಸಲ ಫೋನಿನಲ್ಲಿ ಮಾತಾಡಿ ಕೆಟ್ಟೆ. ಈಗ ಬರೆದೇ ಹೇಳುತ್ತೇನೆ, ಬರೆದ ಮಾತು ಅರ್ಧದಲ್ಲಿ ನುಂಗಿಕೊಳ್ಳುವುದಕ್ಕೆ ಆಗುವುದಿಲ್ಲ.

ನನಗೆ ಭಯವಾಗಿದೆ ಗುಬ್ಬಿ. ಸುತ್ತಿ ಬಳಸಿ ಹೇಳುವುದಿಲ್ಲ. ಎಡಗಡೆ ಮೊಲೆಯಲ್ಲಿ ಗಂಟು ಬಂದಿದೆ. ಗುರುವಾರ ಸೂಜಿ ಚುಚ್ಚಿ ಒಂದು ಚೂರು ತೆಗೆದುಕೊಂಡಿದ್ದಾರೆ. ನಾಡಿದ್ದು ಮಂಗಳವಾರ ಏನು ಅಂತ ಹೇಳುತ್ತಾರೆ.

ನಮ್ಮ ಮಿಲ್ಲಿನಲ್ಲಿ ನನ್ನ ಕೆಲಸ ಏನು ಅಂತ ನಿನಗೆ ಗೊತ್ತಲ್ಲ. ಚಾದರದ ಬಟ್ಟೆ ಮೇಜಿನ ಮೇಲೆ ಸರಿದು ಬರುತ್ತಿರುತ್ತದೆ, ಅದರ ಮೇಲೆ ಕೈ ಆಡಿಸಿ ನೂಲಿನ ಗಂಟು ಸಿಕ್ಕ ಕಡೆ ಕೆಂಪು ಚೀಟಿ ಅಂಟಿಸುವುದು. ಹತ್ತೊಂಬತ್ತು ವರ್ಷದಿಂದ ಅದೇ. ಕಣ್ಣು ಮುಚ್ಚಿಕೊಂಡರೂ ನನ್ನ ಬೆರಳು ತಪ್ಪುವುದಿಲ್ಲ, ಮೇಸ್ತ್ರಿಯೇ ಹೇಳುತ್ತಾನೆ. ನವೆಂಬರಿನಲ್ಲಿ ಒಂದು ದಿನ ಸ್ನಾನ ಮಾಡುವಾಗ ಬೆರಳು ಹಾಗೇ ನಿಂತುಬಿಟ್ಟಿತು. ಬಟಾಣಿಯಷ್ಟು ದೊಡ್ಡದು. ನೋವಿಲ್ಲ, ಏನಿಲ್ಲ. ಸೋಪು ಕೈಯಿಂದ ಜಾರಿಹೋಯಿತು. ಎಷ್ಟು ಹೊತ್ತು ನೀರು ಸುರಿಯುತ್ತಾ ನಿಂತಿದ್ದೆನೋ, ನಿನ್ನ ಭಾವ ಬಾಗಿಲು ಬಡಿದು, "ಏನೇ, ಟ್ಯಾಂಕ್ ಖಾಲಿ ಮಾಡ್ತೀಯಾ?" ಅಂತ ಕೂಗಿದರು.

ಆಗಷ್ಟೇ ನಮ್ಮ ಮಿಲ್ಲಿನಲ್ಲಿ ಫೋನ್ ಡಾಕ್ಟರ್ ಶುರುವಾಗಿತ್ತು. ಕೆಲಸಗಾರರಿಗೂ ಮನೆಯವರಿಗೂ ಕಂಪನಿಯೇ ಮಾಡಿಕೊಟ್ಟಿರುವುದು. ನೂಲಿನ ಉಂಡೆ ಇಡುತ್ತಿದ್ದ ಕೋಣೆಯನ್ನು ಅರ್ಧ ಮಾಡಿ, ಪ್ಲೈವುಡ್ ಹಲಗೆ ಅಡ್ಡ ಹೊಡೆದು, ಒಂದು ಸ್ಟೂಲು, ಬಿಪಿ ನೋಡುವ ಮಷೀನು, ಗೋಡೆಗೆ ಒಂದು ಟೀವಿ. ಟೀ ಬಿಡುವಿನಲ್ಲಿ ಹೋಗಿ ಕೂತರೆ ವಿಡಿಯೋ ಕಾಲಿನಲ್ಲಿ ಟೀವಿಯೊಳಗೆ ಡಾಕ್ಟರು. ಒಬ್ಬೊಬ್ಬರಿಗೆ ಎಂಟು ನಿಮಿಷ. ಸುಳ್ಳು ಯಾಕೆ ಹೇಳಲಿ, ಒಳ್ಳೆಯ ಅನುಕೂಲ. ನಿನ್ನ ಭಾವನ ಕೆಮ್ಮು, ನಮ್ಮ ಮಗಳ ಕಣ್ಣಿನ ತುರಿಕೆ, ಎರಡೂ ಅಲ್ಲೇ ವಾಸಿಯಾಯಿತು. ರಜೆ ಹಾಕುವುದು ಬೇಡ, ಆಸ್ಪತ್ರೆಯ ಸಾಲಿನಲ್ಲಿ ನಿಲ್ಲುವುದು ಬೇಡ.

ಆದರೆ ಹಲಗೆಯ ಆಚೆ ಒಂದು ಬೆಂಚು. ಬೆಂಚಿನ ಮೇಲೆ ಮುಂದಿನ ಆರು ಜನ. ಆ ದಿನ ಎಲ್ಲರಿಗಿಂತ ಮುಂದೆ ಕೂತಿದ್ದವಳು ಪ್ಯಾಕಿಂಗಿನವಳು. ಅವಳನ್ನು ನಾವು ರೇಡಿಯೋ ಅಂತಲೇ ಕರೆಯುವುದು, ಅವಳ ಕಿವಿಗೆ ಬಿದ್ದದ್ದು ಸಂಜೆಯ ಪಾಳಿ ಮುಗಿಯುವುದರೊಳಗೆ ಗೇಟಿನ ಹತ್ತಿರ ಕೇಳಿಸುತ್ತದೆ. ಲೇಡಿ ಡಾಕ್ಟರು ಬೇಕು ಅಂತ ಬರೆಸಬಹುದಿತ್ತು. ಬರೆದುಕೊಳ್ಳುವವನು ನಮ್ಮ ಹಾಜರಿ ಬರೆಯುವ ಟೈಮ್ ಆಫೀಸಿನ ಗುಮಾಸ್ತ. ನನ್ನ ಮುಂದೆ ಒಬ್ಬಳು ಕೇಳಿದ್ದಕ್ಕೆ, "ಲೇಡಿ ಡಾಕ್ಟ್ರೇ ಯಾಕಮ್ಮಾ, ಏನು ವಿಶೇಷ?" ಅಂತ ಎಲ್ಲರ ಎದುರು ಹಲ್ಲು ಕಿರಿದಿದ್ದ. ನಾನು ಬಾಯಿ ಮುಚ್ಚಿಕೊಂಡು ಒಳಗೆ ಹೋದೆ.

ಟೀವಿಯಲ್ಲಿ ಒಬ್ಬ ಹುಡುಗ ಡಾಕ್ಟರು. ಒಳ್ಳೆಯ ನಗುಮುಖ. "ಏನಾಗ್ತಿದೆ ಅಮ್ಮಾ?" ಅಂದ. ಆ ಮಾತು ನನ್ನ ಬಾಯಿಂದ ಬರಲಿಲ್ಲ ಗುಬ್ಬಿ. ಪುಸ್ತಕದವರು ಸ್ತನ ಅನ್ನುತ್ತಾರೆ, ಅದನ್ನು ನಾನು ಜನ್ಮದಲ್ಲಿ ಜೋರಾಗಿ ಅಂದವಳಲ್ಲ. ನಾವು ಮನೆಯಲ್ಲಿ ಏನನ್ನುತ್ತೇವೋ ಅದನ್ನೇ ಅಂದೆ. "ಎದೆ ಸಾರ್. ಎದೇಲಿ ಏನೋ ಗಟ್ಟಿಯಾಗಿ ಒತ್ತಿದ ಹಾಗೆ."

"ಊಟ ಆದ್ಮೇಲೆ ಜಾಸ್ತಿನಾ?"

"ಹೂಂ," ಅಂದೆ.

"ಹುಳಿತೇಗು ಬರತ್ತಾ?"

"ಬರತ್ತೆ." ಯಾರಿಗೆ ಬರುವುದಿಲ್ಲ ಹೇಳು?

ಅವನದೇನೂ ತಪ್ಪಿಲ್ಲ. ಎದೆ ಅಂದರೆ ಅವನು ಹಾರ್ಟ್ ಅಂದುಕೊಂಡ, ಇಲ್ಲ ಗ್ಯಾಸ್ ಅಂದುಕೊಂಡ. ಮೊದಲು ಇಸಿಜಿ ಮಾಡಿಸಿ ಅಂದ. ಮಾಡಿಸಿದೆ, ಎಲ್ಲ ಸರಿಯಾಗಿತ್ತು. ರೇಡಿಯೋ ಇಡೀ ಪಾಳಿಗೆ ಸಾರಿದಳು, "ಇವಳ ಎದೆಗೆ ಏನೂ ಆಗಿಲ್ಲ ಕಣ್ರೇ, ಕಲ್ಲಿನ ಹಾಗಿದೆಯಂತೆ!" ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಗ್ಯಾಸಿನ ಮಾತ್ರೆ. ತಿಂಗಳಿಗೊಂದು ಸಲ ಅದೇ ಹುಡುಗ, ಅದೇ ಪ್ರಶ್ನೆ, ಅದೇ ಹೂಂ. ಅವನು ತಪ್ಪು ತಿಳಿದುಕೊಂಡಿದ್ದಾನೆ ಅಂತ ನನಗೆ ಮೊದಲ ದಿನವೇ ಗೊತ್ತಿತ್ತು. ಡಾಕ್ಟರೇ ಗ್ಯಾಸ್ ಅಂದಮೇಲೆ ನನ್ನದೇನಿದೆ ಅಂತ ನನಗೆ ನಾನೇ ಟೋಪಿ ಹಾಕಿಕೊಂಡೆ. ಒಂದೊಂದು ದಿನ ಆ ಮಾತ್ರೆಯಿಂದ ಗಂಟು ಕರಗಿದೆ ಅಂತಲೂ ಅನ್ನಿಸುತ್ತಿತ್ತು. ಹುಚ್ಚು.

ಫೆಬ್ರವರಿಯಲ್ಲಿ ಬಟಾಣಿ ನೆಲ್ಲಿಕಾಯಿಯಾಯಿತು. ಮೇಜಿನ ಮೇಲೆ ಬಟ್ಟೆ ಸರಿದು ಹೋಗುತ್ತಿದ್ದರೂ ನನ್ನ ಬೆರಳಿಗೆ ಅದೇ ಸಿಗುತ್ತಿತ್ತು. ಗಂಟಿದ್ದ ಮೂರು ಥಾನು ಬಟ್ಟೆಯನ್ನು ಚೀಟಿ ಅಂಟಿಸದೆ ಬಿಟ್ಟೆ. ಮೇಸ್ತ್ರಿ, "ಏನಕ್ಕಾ, ಕೈಗೆ ವಯಸ್ಸಾಯ್ತಾ?" ಅಂತ ತಮಾಷೆ ಮಾಡಿದ. ನಾನು ಕಕ್ಕಸಿಗೆ ಹೋಗಿ ಅತ್ತೆ.

ಹೋದ ಸೋಮವಾರ ಹುಡುಗ ಡಾಕ್ಟರು ರಜೆ. ಟೀವಿಯಲ್ಲಿ ಒಬ್ಬ ಹೆಂಗಸು, ನನ್ನಷ್ಟೇ ವಯಸ್ಸಿನವರು. ಹಳೆಯದನ್ನೆಲ್ಲ ಓದಿಕೊಂಡು, "ನಾಲ್ಕು ತಿಂಗಳಿಂದ ಗ್ಯಾಸಿನ ಮಾತ್ರೆ ತಗೋತಿದೀರಾ. ಕಡಿಮೆ ಆಯ್ತೇನಮ್ಮಾ?" ಅಂದರು.

"ಇಲ್ಲ ಮೇಡಂ."

"ಎಲ್ಲಿ ಅಂತ ಕೈ ಇಟ್ಟು ತೋರಿಸಿ."

ಹಿಂದಿನವನು ಇದನ್ನು ಕೇಳಿರಲಿಲ್ಲ. ನನ್ನ ಬಾಯಿ ಸುಳ್ಳು ಕಲಿತಿತ್ತು, ಕೈ ಕಲಿತಿರಲಿಲ್ಲ. ಅದು ನೆಟ್ಟಗೆ ಎಡಗಡೆ ಕಂಕುಳ ಹತ್ತಿರ ಹೋಯಿತು. ಆಕೆ ಪೆನ್ನು ಕೆಳಗಿಟ್ಟರು.

"ಅಮ್ಮಾ, ಎದೆ ಅಂದ್ರೆ ಯಾವುದು?"

"ಎದೆ ಅಂದ್ರೆ ಎದೇನೇ ಮೇಡಂ."

"ಹೊರಗಡೆ ಯಾರಾದ್ರೂ ಕೂತಿದಾರಾ?"

"ಇದಾರೆ."

"ಅಲ್ಲಿ ಇಯರ್‌ಫೋನ್ ಇದೆ, ಹಾಕ್ಕೊಳ್ಳಿ. ನೀವು ಮಾತಾಡೋದೇ ಬೇಡ. ನಾನು ಕೇಳ್ತೀನಿ, ತಲೆ ಆಡಿಸಿ ಸಾಕು."

ಹಾಕಿಕೊಂಡೆ. ಕೈಗೆ ಗಂಟು ಸಿಗುತ್ತದೆಯೇ ಅಂದರು. ತಲೆ ಆಡಿಸಿದೆ. ನವೆಂಬರಿನಿಂದಲೇ? ಆಡಿಸಿದೆ. ದೊಡ್ಡದಾಗುತ್ತಿದೆಯೇ? ಆಡಿಸುವಷ್ಟರಲ್ಲಿ ಕಣ್ಣಲ್ಲಿ ನೀರು ಧಾರಾಕಾರ. ಎಂಟು ನಿಮಿಷ ದಾಟಿತು, ಹೊರಗೆ ರೇಡಿಯೋ ಹಲಗೆ ತಟ್ಟಿದಳು. "ಕಾಯಲಿ ಬಿಡಿ," ಅಂದರು ಡಾಕ್ಟರು. "ಇಲ್ಲಿಂದ ನಾನು ಮುಟ್ಟಿ ನೋಡೋಕಾಗಲ್ಲಮ್ಮಾ. ಇದು ಫೋನಲ್ಲಿ ಆಗೋ ಕೆಲಸ ಅಲ್ಲ. ಚೀಟಿ ಕಳಿಸ್ತೀನಿ, ಈ ವಾರಾನೇ ಆಸ್ಪತ್ರೆಗೆ ಹೋಗಿ. ಗ್ಯಾಸ್ ಅಲ್ಲ ಇದು."

ಗುರುವಾರ ನಾನೂ ನಿನ್ನ ಭಾವನೂ ಆಸ್ಪತ್ರೆಗೆ ಹೋದೆವು. ಸ್ಕ್ಯಾನ್ ಮಾಡುವ ಹುಡುಗಿ ಮೊದಲು ಮಕ್ಕಳೆಷ್ಟು, ಏನು ಓದುತ್ತಿದ್ದಾರೆ ಅಂತ ವಟವಟ ಅನ್ನುತ್ತಿದ್ದಳು. ಆಮೇಲೆ ಒಂದು ಕಡೆ ಮಷೀನು ನಿಲ್ಲಿಸಿ, ಪರದೆ ನೋಡುತ್ತಾ, ಮಾತು ನಿಲ್ಲಿಸಿಬಿಟ್ಟಳು. ನನಗೆ ಆ ಸೂಜಿಗಿಂತ ಹೆಚ್ಚು ಭಯ ಆ ಮೌನದ್ದು. ಆಮೇಲೆ ಅಲ್ಲಿಯ ದೊಡ್ಡ ಡಾಕ್ಟರು ಫಾರಂ ತುಂಬಿಸಿಕೊಂಡರು. ತಾಯಿ ಏನಾಗಿ ತೀರಿಕೊಂಡರು ಅಂದರು. "ಎದೆನೋವು," ಅಂದೆ. ಹಾರ್ಟ್ ಅಂತ ಬರೆದುಕೊಂಡರು. ಅಕ್ಕತಂಗಿಯರಿದ್ದಾರೆಯೇ ಅಂದರು. ಒಬ್ಬಳು ತಂಗಿ ಅಂದೆ.

ಹೊರಗೆ ಬಂದು, ಕಾಯುತ್ತಿದ್ದ ನಿನ್ನ ಭಾವನಿಗೆ ಎಲ್ಲ ಹೇಳಿದೆ. ನನ್ನ ಚೀಲ ಅವರೇ ಹಿಡಿದುಕೊಂಡು ಬಸ್ ಸ್ಟಾಪಿನವರೆಗೂ ನಡೆದರು. ಕೊನೆಗೆ, "ಎದೆ ಗಟ್ಟಿ ಮಾಡ್ಕೊಳೇ," ಅಂದರು. ನನಗೆ ಅಷ್ಟು ಭಯದಲ್ಲೂ ನಗು ಬಂತು. "ಅದೇ ತಾನೇ ರೀ ಆಗಿರೋದು?" ಅಂದೆ. ಅವರು ಒಂದು ಕ್ಷಣ ಪೆಚ್ಚಾಗಿ ನೋಡಿ, ರಸ್ತೆಯ ಮಧ್ಯೆ ನಿಂತು ಅತ್ತುಬಿಟ್ಟರು. ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ ಅವರು ಅತ್ತಿದ್ದು ನಾನು ನೋಡಿದ್ದು ಅದೇ ಮೊದಲು.

ನಮ್ಮವಳಿಗೆ ಇನ್ನೂ ಹೇಳಿಲ್ಲ. ಪರೀಕ್ಷೆ ನಡೆಯುತ್ತಿದೆ. ಮಂಗಳವಾರ ಆಗಲಿ. ಈಗ ಪಕ್ಕದ ಕೋಣೆಯಲ್ಲಿ ಜೋರಾಗಿ ಓದುತ್ತಿದ್ದಾಳೆ, ಆ ದನಿ ಕೇಳಿಸಿಕೊಂಡೇ ಇದನ್ನು ಬರೆಯುತ್ತಿದ್ದೇನೆ. ದನಿ ನಿಂತರೆ ಅವಳು ಎದ್ದು ಬರುತ್ತಾಳೇನೋ ಅಂತ ಕಾಗದ ಮುಚ್ಚಿಡುತ್ತೇನೆ. ಅಕ್ಷರ ಅಲ್ಲಲ್ಲಿ ಸೊಟ್ಟಗಾಗಿದ್ದರೆ ಹೊಂದಿಸಿಕೊಂಡು ಓದು.

ನೀನು ಹೊರಟು ಬರುವುದು ಬೇಡ, ಮಗಳ ಸ್ಕೂಲು ಇದೆ. ನೀವೆಲ್ಲ ನೂರು ಕಾಲ ಚೆನ್ನಾಗಿರಿ. ಮನೆಯವರಿಗೆಲ್ಲ ನನ್ನ ನೆನಪು ಹೇಳು. ನನಗಾಗಿ ಏನಾದರೂ ಬೇಡಿಕೊಳ್ಳುವುದಿದ್ದರೆ ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ಬೇಡಿಕೊ, ಆ ಹೊತ್ತಿಗೆ ನಾನು ಅವರ ಬಾಗಿಲಲ್ಲಿ ಕೂತಿರುತ್ತೇನೆ.

ನಿನ್ನ ಅಕ್ಕ

ಮರೆತಿದ್ದು: ಮರೆತದ್ದಲ್ಲ, ಬರೆಯುವುದಕ್ಕೆ ಧೈರ್ಯ ಬರಲಿಲ್ಲ. ಹನ್ನೊಂದು ವರ್ಷದ ಹಿಂದೆ ನೀನು ಹಸಿ ಬಾಣಂತಿ, ಬರುವ ಹಾಗಿರಲಿಲ್ಲ. ಅಮ್ಮ ಎದೆನೋವಿನಿಂದ ಹೋದಳು ಅಂತ ನಾನೇ ನಿನಗೆ ಕಾಗದ ಬರೆದೆ. ಕೊನೆಯ ಎರಡು ತಿಂಗಳು ಅವಳಿಗೆ ಸ್ನಾನ ಮಾಡಿಸುತ್ತಿದ್ದವಳು ನಾನು. ನಾನು ನೋಡಿದ್ದೆ ಗುಬ್ಬಿ. ಇದೇ ಜಾಗ, ಎಡಗಡೆ. ಆಗಲೇ ಹುಣ್ಣಾಗಿತ್ತು. ನನ್ನ ಕೈ ಹಿಡಿದುಕೊಂಡು, "ಯಾರಿಗೂ ಹೇಳ್ಬೇಡ. ಎದೆನೋವು ಅನ್ನು. ಸುಳ್ಳೇನಲ್ವಲ್ಲ," ಅಂದಳು. ಭಾಷೆ ಕೊಟ್ಟೆ. ನಿನಗೂ ಹೇಳಲಿಲ್ಲ. ನೀನು ಅಮ್ಮನಿಗೆ ಹಾರ್ಟ್ ಇತ್ತು ಅಂದುಕೊಂಡು ಎಣ್ಣೆ ಬಿಟ್ಟೆ, ನಡೆದೆ, ವರ್ಷಾ ವರ್ಷ ಇಸಿಜಿ ಮಾಡಿಸಿದೆ. ನಾನು ಎಲ್ಲ ಗೊತ್ತಿದ್ದೂ ಭೇಷ್ ಅಂದೆ. ಹನ್ನೊಂದು ವರ್ಷ ನಿನಗೆ ತಪ್ಪು ಜಾಗ ಕಾಯಲು ಹೇಳಿಕೊಟ್ಟವಳು ನಾನು. ಮಂಗಳವಾರ ಆ ಫಾರಂ ತಿದ್ದಿಸುತ್ತೇನೆ. ಈ ಕಾಗದ ಮಡಿಸುವ ಮೊದಲು ಬಾಗಿಲು ಹಾಕಿಕೊಂಡು ಕೈ ಇಟ್ಟು ನೋಡಿಕೊ. ಏನೂ ಸಿಗದಿದ್ದರೆ ನನ್ನನ್ನು ಹೊಟ್ಟೆ ತುಂಬ ಬೈದು ಕಾಗದ ಬರಿ. ಸಿಕ್ಕರೆ ಅಲ್ಲಿಯ ಡಾಕ್ಟರ ಹತ್ತಿರ ಹೋಗು, ಎದೆ ಅನ್ನಬೇಡ.