ಹಾಲ್ಡೇನ್ ಲೇತಿನ ತಪಾಸಣೆ ಕಾರ್ಡು

ವಿಲೆಟನ್, ಪರ್ತ್
13 ಮಾರ್ಚ್ 2016, ಭಾನುವಾರ

ಗಾನವಿಯ ಅಪ್ಪನವರಿಗೆ, ಅದೇ ಮೊಂಡು ಮೈಥಿಲಿಯ ನಮಸ್ಕಾರಗಳು.

ಮೊದಲು ಸುದ್ದಿ, ಮಿಕ್ಕ ಮಾತು ಆಮೇಲೆ. ನೀವು ಮೂರು ತಿಂಗಳು ಕೂತು ಕೈಯಲ್ಲೇ ಕೆರೆದು ಸರಿಮಾಡಿದ ಆ ಹಳೆಯ ಕೆನಡಾ ಲೇತ್ ನಿನ್ನೆ ಬೆಳಗ್ಗೆ ತಪಾಸಣೆಯಲ್ಲಿ ಪಾಸಾಯಿತು. ಇಪ್ಪತ್ತು ಮೈಕ್ರಾನ್ ತನಕ ವ್ಯತ್ಯಾಸ ಇರಬಹುದಾದ ಕಡೆ ಆರೇ ಆರು ಬಂತು. ಮೂರು ಸಲ ಅಳೆದೆ, ಮೂರು ಸಲವೂ ಆರು. ತಪ್ಪು ನಿಮ್ಮ ಕೈಯದಲ್ಲ, ನನ್ನ ಅಳತೆಯದು. ಈ ಒಂದು ಸಾಲು ಬರೆದ ಮೇಲೆ ಪೆನ್ನು ಕೆಳಗಿಟ್ಟು, ಒಳಗೆ ಹೋಗಿ ಒಂದು ಲೋಟ ಕಾಫಿ ಕುಡಿದು ಬಂದೆ. ಹದಿಮೂರು ತಿಂಗಳಿಂದ ಎದೆಯ ಮೇಲೆ ಕೂತಿದ್ದ ಭಾರ ಇಳಿದಿದೆ. ನಿನ್ನೆ ಮಧ್ಯಾಹ್ನ ಊಟವಾದ ಮೇಲೆ ಸೋಫಾದಲ್ಲಿ ಮಲಗಿದವಳು ಸಂಜೆಯ ತನಕ ಏಳಲಿಲ್ಲ.

ಫೋನ್ ಮಾಡಬಹುದಿತ್ತು. ಆದರೆ ನೀವು ಹ್ಞೂಂ, ಸರಿ, ಗಾನವಿ ಹೇಗಿದ್ದಾಳೆ ಎಂದು ಮೂರು ಮಾತಿಗೆ ಮುಗಿಸುತ್ತೀರಿ. ನನ್ನ ಬಾಯಿಯನ್ನೂ ನಂಬುವ ಹಾಗಿಲ್ಲ. ಕ್ಷಮೆ ಕೇಳಲು ಶುರುಮಾಡಿ ಜಗಳದಲ್ಲಿ ಮುಗಿಸುವವಳು ನಾನು. ಕಾಗದದಲ್ಲಾದರೆ ನೀವು ನಡುವೆ ಎದ್ದು ಹೋದರೂ ಮತ್ತೆ ಬಂದು ಓದಬಹುದು.

ಇದೆಲ್ಲ ಶುರುವಾದದ್ದು ನಿಮ್ಮ ಮಗಳಿಂದ. ಮೂರು ವಾರದ ಹಿಂದೆ ಅವಳೊಡನೆ ಮಾತಾಡುತ್ತ, ಅಪ್ಪನ ಲೇತನ್ನು ಗುಜರಿಯವರು ಒಯ್ಯುತ್ತಾರಂತೆ, ಮಾರ್ಚ್ ಹದಿನೈದಕ್ಕೆ ಲಾರಿ ಬರುತ್ತದೆ ಎಂದೆ. ನೀವು ಹೋದಾಗಿನಿಂದ ಅದು ನಮ್ಮ ಕಂಪನಿಯ ಕ್ಯಾನಿಂಗ್ ವೇಲ್ ವರ್ಕ್‌ಶಾಪಿನ ಮೂಲೆಯಲ್ಲಿ ಟಾರ್ಪಾಲು ಹೊದ್ದು ಕೂತಿತ್ತು. ನಾನು ದಿನಾ ಅದರ ಪಕ್ಕದಲ್ಲೇ ಓಡಾಡುತ್ತಿದ್ದೆ, ಆ ಕಡೆ ಮಾತ್ರ ತಿರುಗುತ್ತಿರಲಿಲ್ಲ. ಗಾನವಿ, "ಅಮ್ಮ, ಒಂದು ಎಸ್ಸೇ ಕಳಿಸ್ತೀನಿ, ಹನ್ನೊಂದನೇ ಪೇಜು ಓದು, ಆಮೇಲೆ ನನ್ನ ಬೈಬೇಡ" ಎಂದಳು.

ಕಳೆದ ವರ್ಷ ಬ್ರಿಸ್ಬೇನಿನಲ್ಲಿ, ಅವಳ ಸೇಂಟ್ ಲೂಸಿಯಾ ಯೂನಿವರ್ಸಿಟಿಯಲ್ಲಿ, ಯಾವುದಾದರೂ ಒಂದು ಯಂತ್ರ ತಯಾರಕರ ಚರಿತ್ರೆ ಬರೆದುಕೊಂಡು ಬನ್ನಿ ಎಂದಿದ್ದರಂತೆ. ಮಿಕ್ಕವರು ವಿಮಾನ, ಕಾರು ಎಂದು ಹೋದರೆ, ಇವಳು ಅಪ್ಪ ಅಮ್ಮನ ಜಗಳದ ಮೂಲಪುರುಷನನ್ನೇ ಹುಡುಕಿಕೊಂಡು ಹೋಗಿದ್ದಾಳೆ. ಹಾಲ್ಡೇನ್ ಲೇತ್ ಕಂಪನಿ, ಒಂಟಾರಿಯೊ.

ಹನ್ನೊಂದನೇ ಪುಟ ಮಾತ್ರ ಓದು ಎಂದರೆ ಕೇಳುವವಳೇ ನಾನು? ಮೊದಲಿನಿಂದ ಓದಿದೆ. 1911ರಲ್ಲಿ ಹಾಲ್ಡೇನ್ ಎಂಬ ಅಣ್ಣತಮ್ಮಂದಿರು ನೇಗಿಲು ರಿಪೇರಿ ಮಾಡುವ ಕೊಟ್ಟಿಗೆಯಲ್ಲಿ ಶುರುಮಾಡಿದ್ದಂತೆ. ತಮ್ಮನಿಗೆ ಅಲ್ಲಿದ್ದ ಹಳೆಯ ಲೇತಿನ ಮೇಲೆ ಸಿಟ್ಟು ಬಂದು ತಾನೇ ಒಂದು ಮಾಡಿದ. ಅದು ಹಳೆಯದಕ್ಕಿಂತ ಚೆನ್ನಾಗಿತ್ತು. ಮೊದಲ ಯುದ್ಧದಲ್ಲಿ ತೋಪಿನ ಗುಂಡು ಕಡೆಯುವ ಲೇತ್ ಮಾಡಿದರು, ಆಮೇಲೆ ಶಾಲೆಗಳಿಗೆ ಸಣ್ಣ ಲೇತ್, ಎರಡನೇ ಯುದ್ಧದಲ್ಲಿ ಗಂಡಸರೆಲ್ಲ ಹೋದ ಮೇಲೆ ತಪಾಸಣೆಗೆ ಹೆಂಗಸರು ಬಂದರು. ಅಲ್ಲಿಂದ ಮುಂದೆ ಯಾರು ಯಾರಿಗೆ ಮಾರಿದರು, ಕಡೆಗೆ ಹೇಗೆ ಮುಚ್ಚಿತು ಎಂದು ಐದು ಪುಟ ಕೊರೆದಿದ್ದಾಳೆ. ಉದ್ದಕ್ಕೆ ಬರೆಯುವ ಚಾಳಿ ಯಾರಿಂದ ಬಂತು ಎಂದು ನೀವು ಕೇಳಬೇಡಿ.

ಹನ್ನೊಂದನೇ ಪುಟದಲ್ಲಿ ಇದ್ದದ್ದು ಇದು. 1947ರಲ್ಲಿ ಕೆನಡಾದ ಪಶ್ಚಿಮದ ಬಯಲು ಸೀಮೆಯ ಒಂದು ರೈಲು ವರ್ಕ್‌ಶಾಪಿಗೆ ಲೇತ್ ಕಳಿಸಿದರು. ಕೆಳಗಿನ ಉದ್ದನೆಯ ಬೆಡ್ಡೇ ಸೊಟ್ಟಗಿದೆ ಎಂದು ಅವರು ವಾಪಸ್ಸು ಕಳಿಸಿದರು. ಕಾರ್ಖಾನೆಯಲ್ಲಿ ಅಳೆದರೆ ಸರಿ, ಅಲ್ಲಿಗೆ ಹೋದರೆ ಸೊಟ್ಟ. ಎರಡನೇ ಸಲ ವಾಪಸ್ಸು ಬಂದಾಗ ಅದನ್ನು ಕೆರೆದ ಓಲ್ಸೆನ್ ಎಂಬ ಫಿಟ್ಟರನ್ನು ಕೆಲಸದಿಂದ ತೆಗೆದರು. ಮೂರನೇ ಸಲ ತಪಾಸಣೆಯ ಹೆಂಗಸೊಬ್ಬಳು ಯಂತ್ರದ ಜೊತೆಗೇ ಮೂರು ದಿನ ರೈಲಿನಲ್ಲಿ ಹೋದಳು. ನೋಡಿದರೆ ಲೇತಿನ ಒಂದು ಮಗ್ಗುಲಿಗೇ ಕಬ್ಬಿಣದ ಒಲೆ. ಬೆಳಗ್ಗೆ ಒಲೆ ಹಚ್ಚುವ ಮೊದಲು ಅಳೆದರೆ ಯಂತ್ರ ನೆಟ್ಟಗೆ, ಮಧ್ಯಾಹ್ನ ಅಳೆದರೆ ಡೊಂಕು. ಅವಳು ಬಂದು ಹೇಳಿದ ಮೇಲೆ ಕಂಪನಿ ತಪಾಸಣೆ ಕಾರ್ಡಿನಲ್ಲಿ ಹೊಸದೊಂದು ಕಾಲಂ ಸೇರಿಸಿತು. ಅಳೆಯುವ ಹೊತ್ತಿನಲ್ಲಿ ಕೋಣೆಯ ಉಷ್ಣತೆ ಎಷ್ಟು. ಅದು ತುಂಬದೆ ಇದ್ದರೆ ಕಾರ್ಡು ಲೆಕ್ಕಕ್ಕಿಲ್ಲ.

ಓಲ್ಸೆನ್‌ಗೆ ಕ್ಷಮಾಪಣೆಯ ಪತ್ರ ಬರೆದು ಕರೆದರಂತೆ. ಅವನು ಬರಲಿಲ್ಲ, ಆಗಲೇ ಗರಗಸಕ್ಕೆ ಸಾಣೆ ಹಿಡಿಯುವ ಅಂಗಡಿ ಇಟ್ಟಿದ್ದನಂತೆ. ಅಲ್ಲಿ ಓದುವುದನ್ನು ನಿಲ್ಲಿಸಿ ನಾನು ಅತ್ತೆ.

ಆ ಕಾರ್ಡು ನಿಮಗೆ ಗೊತ್ತು. ಲೇತಿನ ಬಾಗಿಲ ಒಳಗೆ ಅಂಟಿಸಿದ್ದನ್ನು ನೀವೇ ಜೆರಾಕ್ಸ್ ಮಾಡಿ, ಇದರಲ್ಲೇ ಬರೆದುಕೊಡು ಎಂದು ತಪಾಸಣೆಯವಳಾದ ನನ್ನ ಕೈಗೆ ಕೊಟ್ಟಿದ್ದಿರಿ. ಕಳೆದ ವರ್ಷ ಫೆಬ್ರವರಿ, ಮಧ್ಯಾಹ್ನ ಮೂರು ಗಂಟೆ, ಶಟರ್ ಮೇಲೆತ್ತಿದೆ, ಪಶ್ಚಿಮದ ಬಿಸಿಲು ಬೆಡ್ಡಿನ ಒಂದೇ ಮಗ್ಗುಲಿಗೆ ಹೊಡೆಯುತ್ತಿದೆ. ನಲವತ್ತೆರಡು ಮೈಕ್ರಾನ್ ಬಂತು. ರಿಜೆಕ್ಟ್ ಎಂದು ಬರೆದೆ. ನೀವು ಬಿಸಿಲಿನ ಕಡೆ ಕೈ ತೋರಿಸಿ, "ಮೈಥಿಲಿ, ನಾಳೆ ಬೆಳಿಗ್ಗೆ ಇನ್ನೊಂದ್ಸಲ ನೋಡು" ಎಂದಿರಿ. ನಾನು ನಿಮ್ಮ ಕೈಕೆಳಗಿನ ಫಿಟ್ಟರ್ ಹಾಲಪ್ಪನವರ ಎದುರಿಗೇ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದೆ. ಉಷ್ಣತೆಯ ಕಾಲಂ ತುಂಬಲು ಆ ಸೆಕೆಯಲ್ಲಿ ಮರೆತುಹೋಗಿತ್ತು. ಇಪ್ಪತ್ತು ಡಿಗ್ರಿಯಲ್ಲಿ ಅಳೆಯಬೇಕು ಎಂದು ಮೈಸೂರಿನಲ್ಲಿ ಡಿಪ್ಲೊಮಾದ ಮೊದಲ ವರ್ಷವೇ ಹೇಳಿಕೊಟ್ಟಿದ್ದರು, ನೋಡಿ.

ಹತ್ತು ದಿನಕ್ಕೆ ನೀವು ರಾಜೀನಾಮೆ ಕೊಟ್ಟು ಅಡಿಲೇಡ್ ಹಿಡಿದಿರಿ. ಆ ಭಾನುವಾರ ನಾವಿಬ್ಬರೂ ಸ್ವಾನ್ ವ್ಯಾಲಿಗೆ ಸುತ್ತಾಡಲು ಹೋಗುವುದೆಂದಿತ್ತು. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು, ಹೋಗಬೇಡಿ ಎಂದು ಒಂದು ಮಾತು ಹೇಳಲಿಲ್ಲ. ಎಲ್ಲರಿಗೂ ಅಡಿಲೇಡಿನಲ್ಲಿ ಒಳ್ಳೆ ಕೆಲಸ ಸಿಕ್ಕಿತು ಎಂದು ಹೇಳಿಕೊಂಡು ತಿರುಗಿದೆ.

ಮೊನ್ನೆ ಶುಕ್ರವಾರ ಹಾಲಪ್ಪನವರನ್ನು ಕರೆದುಕೊಂಡು ಟಾರ್ಪಾಲು ತೆಗೆದು, ಲೆವೆಲ್ ಸರಿಮಾಡಿ, ಶಟರ್ ಎಳೆದು ಬಂದೆ. ನಿನ್ನೆ ಬೆಳಗ್ಗೆ ಆರೂವರೆಗೆ ಇಪ್ಪತ್ತೊಂದು ಡಿಗ್ರಿ. ಮೂರನೇ ಸಲವೂ ಆರು ಮೈಕ್ರಾನ್ ಬಂದಾಗ ಕಾರ್ಡಿನಲ್ಲಿ ಮೊದಲು ಉಷ್ಣತೆಯ ಕಾಲಂ ತುಂಬಿದೆ. ಹಾಲಪ್ಪನವರು ನೆಲದ ಮೇಲೇ ಕೂತುಬಿಟ್ಟು, "ಮೇಡಂ, ನಟರಾಜ್ ಸಾರ್ ಕೈಕೆಲ್ಸ ನಂಗೊತ್ತಿಲ್ವಾ? ನಿಮ್ ಮುಂದೆ ಬಾಯ್ಬಿಡಕ್ಕೆ ಹೆದರಿಕೆ ಅಷ್ಟೆ" ಎಂದರು. ನಾನು ಅಷ್ಟು ಭಯಂಕರಳೇ?

ಕೂಡಲೇ ಹೊಸ ವರದಿ ಬರೆದು, ಹಳೆಯದು ರದ್ದು, ತಪ್ಪು ನನ್ನದು ಎಂದು ಸಹಿ ಹಾಕಿ ಮ್ಯಾನೇಜರ್ ಮನೆಗೇ ಹೋಗಿ ಕೊಟ್ಟೆ. ಅವರು ಓದಿ, ನನ್ನ ಮುಖ ನೋಡಿ, ಇನ್ನೊಮ್ಮೆ ಓದಿದರು. ಗುಜರಿ ಲಾರಿ ಬರುವುದಿಲ್ಲ. ನನಗೆ ವಾರ್ನಿಂಗ್ ಬರಬಹುದು, ಬರಲಿ. ನಿಮ್ಮ ಹೆಸರಿನ ಮುಂದಿದ್ದ ರಿಜೆಕ್ಟ್ ಹೋಯಿತು. ವರದಿಯ ಪ್ರತಿ ಇದರ ಜೊತೆ ಇದೆ, ಅಲ್ಲಿ ಯಾರಿಗೆ ತೋರಿಸಬೇಕೋ ತೋರಿಸಿ.

ವಾಪಸ್ಸು ಬನ್ನಿ ಎಂದು ಕೇಳುವ ಮುಖ ನನಗಿಲ್ಲ. ಓಲ್ಸೆನ್ ಬರಲಿಲ್ಲ, ನೀವೂ ಬರದಿದ್ದರೆ ನಾನು ದೂರುವುದಿಲ್ಲ. ಆದರೆ ನಿಮ್ಮನ್ನು ನೆನೆಸದ ದಿನ ಒಂದೂ ಇಲ್ಲ, ಇದನ್ನು ಬರೆಯದೆ ಕಾಗದ ಮುಚ್ಚಿದರೆ ಅದೂ ಒಂದು ಸುಳ್ಳಾಗುತ್ತದೆ. ಈಸ್ಟರ್ ರಜೆಗೆ ಗುಡ್ ಫ್ರೈಡೇ ದಿನ ನಾನು ಅಡಿಲೇಡಿಗೆ ಬರುತ್ತಿದ್ದೇನೆ. ಗಾನವಿ ಬ್ರಿಸ್ಬೇನಿನಿಂದ ಮಾರನೇ ದಿನ ಬರುತ್ತಾಳೆ. ನನ್ನ ವಿಮಾನ ಮಧ್ಯಾಹ್ನ ಎರಡಕ್ಕೆ ಇಳಿಯುತ್ತದೆ.

ನಿಮ್ಮ ಕೆಲಸವನ್ನು ತಪ್ಪಾಗಿ ಅಳೆದ,
ಮೈಥಿಲಿ

ಮರೆತ ಮಾತು: ಉಷ್ಣತೆಯ ಕಾಲಂ ಮರೆತುಹೋಯಿತು ಎಂದು ಮೇಲೆ ಬರೆದಿದ್ದೇನೆ. ಅದು ಸುಳ್ಳು. ಥರ್ಮಾಮೀಟರ್ ನೋಡಿದ್ದೆ, ಮೂವತ್ತೊಂಬತ್ತು ಇತ್ತು. ಬರೆದರೆ ಮಾರನೇ ಬೆಳಗ್ಗೆ ಮತ್ತೆ ಅಳೆಯಬೇಕಾಗುತ್ತಿತ್ತು, ಅಳೆದರೆ ನೀವು ಪಾಸಾಗುತ್ತೀರಿ ಎಂದು ನನಗೆ ಗೊತ್ತಿತ್ತು. ಅಂದು ಬೆಳಗ್ಗೆ ಟೀ ಕುಡಿಯುವಾಗ, ಹೆಂಡತಿ ಅಳೆದರೆ ಗಂಡನ ಯಂತ್ರ ಫೇಲಾಗುವುದುಂಟೇ ಎಂದು ನಾಲ್ಕು ಜನ ನಕ್ಕಿದ್ದರು. ಆ ನಗುವಿಗೆ ಹೆದರಿ ಖಾಲಿ ಬಿಟ್ಟೆ. ಹೊಸ ವರದಿಯಲ್ಲಿ ಇದನ್ನು ಹೀಗೆಯೇ ಬರೆದಿದ್ದೇನೆ, ಮ್ಯಾನೇಜರ್‌ಗೆ ಹೇಳಲು ಇಷ್ಟು ಹೆದರಿಕೆಯಾಗಲಿಲ್ಲ. ಇದನ್ನು ಓದಿದ ಮೇಲೂ ಏರ್‌ಪೋರ್ಟಿಗೆ ಬರಬೇಕೆನ್ನಿಸಿದರೆ ಬನ್ನಿ.