ರಾಚಮ್ಮತ್ತೆ ಕೊಟ್ಟ ಕ್ಯಾಪ್ಸೂಲು

ಅಗರ,
೧೨–೮–೧೯೯೧

ಪ್ರೀತಿಯ ದೀಪಳ ಅಪ್ಪನಿಗೆ ನಮಸ್ಕಾರಗಳು.

ನೀವು ಆರೋಗ್ಯವೇ? ಮೈಸೂರಿನ ಊಟ ಹಿಡಿಸಿತೇ? ಹಿಡಿಸಿರಲೇಬೇಕು, ನಾಲ್ಕು ಪುಟದ ಕಾಗದದಲ್ಲಿ ನನ್ನ ಕೈಯ ಸಾರಿನ ನೆನಪೇ ಇಲ್ಲ. ಲ್ಯಾಬ್ ಕೆಲಸ ಕಲಿಯಲು ಆರು ತಿಂಗಳು ಹೋದವರು ನೀವು. ಕಾಗದದ ತುಂಬ ನಿಮಗೆ ಕಲಿಸುವ ರೂಪಾ ಮೇಡಮ್ಮೇ. ಎಣಿಸಿದೆ, ಹದಿನೇಳು ಸಲ ರೂಪ, ಒಂದು ಸಲ ದೀಪ. ನನ್ನ ಹೆಸರು ಕವರಿನ ಮೇಲೆ ಮಾತ್ರ, ಅದೂ ಪೋಸ್ಟ್‌ಮ್ಯಾನಿಗೋಸ್ಕರ.

ಮೇಡಂ ತಮ್ಮ ಕೈಬಳೆ ತೆಗೆದು ಮೇಜಿನ ಮೇಲಿಟ್ಟು ಪಾಠ ಹೇಳಿದರಂತೆ. ರೋಗದ ಕ್ರಿಮಿಯೊಳಗೆ ಅಂಥದೇ ಒಂದು ಕಣ್ಣಿಗೆ ಕಾಣದ ಬಳೆ ಇರುತ್ತದಂತೆ, ಮದ್ದಿಗೆ ಸಾಯದ ಗುಣ ಅದರಲ್ಲಿರುತ್ತದಂತೆ. ಒಂದು ಕ್ರಿಮಿ ಪಕ್ಕದ್ದಕ್ಕೆ ಕೊಳವೆ ಚಾಚಿ ಆ ಬಳೆಯ ನಕಲು ದಾಟಿಸುತ್ತದಂತೆ. ಹೊಟ್ಟೆಯಲ್ಲಿ ತನ್ನ ಪಾಡಿಗಿರುವ ಸಾಧು ಕ್ರಿಮಿ ಕೂಡ ಟೈಫಾಯ್ಡಿನದಕ್ಕೆ ಕೊಡುತ್ತದಂತೆ, ಜಾತಿ ಕೇಳದೆ. ನಮ್ಮ ಬೀದಿಯಲ್ಲಿ ಒಂದು ಚೊಂಬು ನೀರಿಗೂ ಕೇಳುತ್ತಾರೆ! ಇದೆಲ್ಲ ನನಗೆ ಅರ್ಥವಾಯಿತು, ಎಸ್ಸೆಸ್ಸೆಲ್ಸಿ ಪಾಸಾದವಳು ನಾನು. ಅವರ ಬಳೆ ಹಸಿರು ಎಂದು ನೀವು ಯಾಕೆ ಬರೆದಿರಿ ಅನ್ನುವುದೊಂದು ಅರ್ಥವಾಗಲಿಲ್ಲ. ಹೊಟ್ಟೆ ಉರಿಯಿತು, ಹೇಳಿಬಿಡುತ್ತೇನೆ.

ಕೊನೆಗೆ ಅವರ ಉಪದೇಶ ಬೇರೆ. ಮಗುವಿಗೆ ಜ್ವರ ಬಂದರೆ ಯಾರದೋ ಮನೆಯಲ್ಲಿ ಉಳಿದ ಕ್ಯಾಪ್ಸೂಲು ಕೊಡಬಾರದಂತೆ. ಅರೆಬರೆ ಮದ್ದಿಗೆ ಮೆತ್ತಗಿನ ಕ್ರಿಮಿ ಸತ್ತು, ಬಳೆ ತೊಟ್ಟದ್ದು ಉಳಿದು ಬೆಳೆಯುತ್ತದಂತೆ. ನಮ್ಮ ಬೀದಿಯಲ್ಲಿ ಮೊಸರಿನ ಹೆಪ್ಪಿನ ಹಾಗೆ ಮಾತ್ರೆಯೂ ಮನೆಯಿಂದ ಮನೆಗೆ ಹೋಗುತ್ತದೆಂದು ಅವರಿಗೆ ಹೇಳಿದವರು ನೀವೇ ತಾನೇ? ನಮ್ಮ ಮನೆ ಮಾತು ಅವರಿಗೇಕೆ? ನನ್ನ ಮಗಳನ್ನು ಸಾಕುವುದನ್ನು ಅವರಿಂದ ಕಲಿಯಬೇಕೇ ನಾನು?

ಮಾವನವರು ಚೆನ್ನಾಗಿದ್ದಾರೆ. ಹಸು ಕರು ಹಾಕಿದೆ. ದೀಪ ಮಲಗಿದ್ದಾಳೆ. ಹೊತ್ತುಹೊತ್ತಿಗೆ ಉಣ್ಣಿ.

ಸಿಟ್ಟಿನಲ್ಲೂ ನಿಮ್ಮವಳೇ ಆದ
ಚಿಕ್ಕಬಸಮ್ಮ

ತಾ.ಕ.: ಕೊಳ್ಳೇಗಾಲದ ಆಸ್ಪತ್ರೆ, ೧೪ನೇ ತಾರೀಕು. ಮೇಲಿನದನ್ನು ಬರೆಯುವಾಗಲೇ ದೀಪಳಿಗೆ ಏಳು ದಿನದ ಜ್ವರ. ನಿಮಗೆ ಹೇಳುವ ಧೈರ್ಯ ಬರಲಿಲ್ಲ. ಪಕ್ಕದ ಮನೆ ರಾಚಮ್ಮತ್ತೆ, "ನಮ್ ಹುಡ್ಗ ಚಿಕ್ಕಮಾದಯ್ಯಂಗೆ ಮೂರ್ ದಿನ್ಕೇ ಜರ ಬುಟ್ಟೋಯ್ತು ಕಣವ್ವ, ತಕಂಡೋಗಿ ಕೊಡು" ಎಂದು ಉಳಿದ ಆರು ಕ್ಯಾಪ್ಸೂಲು ಕೊಟ್ಟಿದ್ದರು. ನಿಮ್ಮ ಕಾಗದ ಓದಿದ ಮೇಲೇ, ಆ ಮೇಡಂ ಬೇಡ ಅಂದರಲ್ಲ ಎನ್ನುವ ಹಠಕ್ಕೇ, ಬಿಚ್ಚಿ ಜೇನಿನಲ್ಲಿ ಕಲಸಿ ನೆಕ್ಕಿಸಿದೆ. ಜ್ವರ ಇಳಿಯಲಿಲ್ಲ. ಟೈಫಾಯ್ಡ್ ಅಂತೆ. ಹಳೆಯ ಮದ್ದಿಗೆ ಇದು ಬಗ್ಗುವಂತೆ ಕಾಣುತ್ತಿಲ್ಲ, ಯಾವುದಕ್ಕೆ ಬಗ್ಗುತ್ತದೆಂದು ಮೈಸೂರಿನಲ್ಲೇ ನೋಡಿಸಬೇಕು ಎಂದರು ಡಾಕ್ಟರು. ಈ ಕಾಗದ ತರುವ ಶಂಕರ್ ಭಾವನ ಕೈಯಲ್ಲಿ ಮಗಳ ರಕ್ತದ ಸೀಸೆ ಇದೆ. ಬೇರೆ ಯಾರಿಗೂ ಕೊಡಬೇಡಿ. ರೂಪಾ ಮೇಡಂ ಕೈಗೇ ಕೊಡಿ.