ಎರಡು ಬನಿಯನ್

14 ಏಪ್ರಿಲ್ 2024, ಬೆಳಿಗ್ಗೆ 7
ತುಂಬಿದ ಗಾಜನೂರು ಡ್ಯಾಮನ್ನು ಈ ದಡದಿಂದ ಆ ದಡಕ್ಕೆ ಒಂದೇ ಉಸಿರಿನಲ್ಲಿ ಈಜಿದವನು ಇಡೀ ಜಿಲ್ಲೆಗೆ ನಾನೊಬ್ಬನೇ. ಮೊಸಳೆಗಳೇ ದಾರಿ ಬಿಟ್ಟಿದ್ದವು.
ಸ್ನಾನ ಆಯಿತು. ಬನಿಯನ್ ಎರಡು, ಮೇಲೆ ಶರ್ಟು. ಅಂಗಡಿಗೆ ಹೊರಟೆ. ಎರಡು ಪಂಪ್‌ಸೆಟ್ ಮೋಟಾರು ರಿವೈಂಡಿಂಗ್ ಬಾಕಿ. ಭದ್ರಾವತಿ ಈಗಲೇ ಒಲೆ.

16 ಏಪ್ರಿಲ್
ಮಲವಗೊಪ್ಪದಿಂದ ಅಕ್ಕನ ಮಗ ಶಿವಯೋಗಿ ಬಂದಿದ್ದ. ಪೊಲೀಸ್ ಕಾನ್‌ಸ್ಟೇಬಲ್ ರಿಟನ್ ಪರೀಕ್ಷೆ ಎರಡನೇ ಸಲ ಪಾಸು. ಹೋದ ಸಲ ಫಿಸಿಕಲ್ಲಿಗೆ ಗ್ರೌಂಡಿನ ಗೇಟಿನ ತನಕ ಹೋಗಿ, ಜ್ವರ ಎಂದು ವಾಪಸು ಬಂದ ಶೂರ. ಈ ಸಲ ಆಗಸ್ಟಿನಲ್ಲಿ. ವಯಸ್ಸು ಮೀರುತ್ತಿದೆ, ಇದೇ ಕೊನೆ. ಚೆನ್ನಾಗಿ ಬೈದೆ. ಅವನು ಬಗ್ಗಿ ಶೂ ಲೇಸ್ ಕಟ್ಟಿಕೊಂಡ. ಕಾಲರಿನ ಹಿಂದೆ ಕಂಡಿತು...
ಬನಿಯನ್ ಎರಡು. ಈ ಬಿಸಿಲಲ್ಲಿ.
ನನ್ನ ಬಾಯಿ ಅಲ್ಲಿಗೇ ನಿಂತಿತು. ಜ್ವರ ಅಲ್ಲ ಅದು. ಎದೆ ಅಳತೆಗೆ ನೂರು ಜನರ ಮುಂದೆ ಅಂಗಿ ಬಿಚ್ಚಬೇಕು.

19 ಏಪ್ರಿಲ್
"ಸುಮ್ನೆ ಬಾ" ಎಂದು ಶಿವಮೊಗ್ಗಕ್ಕೆ ಎಳೆದುಕೊಂಡು ಹೋದೆ. ಪ್ಲಾಸ್ಟಿಕ್ ಸರ್ಜನ್, ಡಾಕ್ಟರ್ ರಶ್ಮಿ. ಒತ್ತಿ ನೋಡಿದರು, ರಕ್ತ, ಸ್ಕ್ಯಾನಿಂಗ್.
"ಇದು ಬರೀ ಕೊಬ್ಬಲ್ಲಪ್ಪ. ಗಂಡಸರಿಗೂ ಇರೋ ಸ್ತನದ ಗ್ರಂಥಿ ಬೆಳೆದಿದೆ. ಓಡಿದ್ರೆ ಕರಗಲ್ಲ. ಬಹಳ ಜನಕ್ಕಿರುತ್ತೆ."
ತೊಟ್ಟಿನ ಅಂಚಿನಲ್ಲಿ ಸಣ್ಣ ಕೊಯ್ತ, ಗ್ರಂಥಿ ಹೊರಗೆ. ಕೊಬ್ಬನ್ನು ನಳಿಕೆ ಹಾಕಿ ಎಳೆಯುತ್ತಾರೆ. ಆರು ವಾರ ಬಿಗಿ ಜಾಕೆಟ್. ಆಗಸ್ಟಿಗೆ ಓಡಬಹುದು.
ಬಹಳ ಜನಕ್ಕಿರುತ್ತೆ! ಇದನ್ನು ಮೂವತ್ತು ವರ್ಷದ ಹಿಂದೆ ಯಾರಾದರೂ ಹೇಳಬಾರದಿತ್ತೇ. ಡಾಕ್ಟರು ನನ್ನ ಶರ್ಟನ್ನೂ ನೋಡಿದ ಹಾಗಾಯಿತು. ಕೆಮ್ಮಿದೆ.

26 ಏಪ್ರಿಲ್
ಹುಡುಗನಿಗೆ ಚಾಕು ಎಂದರೆ ಭಯ. ಬಸ್ ಸ್ಟ್ಯಾಂಡಿನ ಹತ್ತಿರ ಒಬ್ಬ ಎದೆ ಕರಗಿಸುವ ಎಣ್ಣೆ, ಬೆಲ್ಟು ಮಾರುತ್ತಾನೆ. ಅಲ್ಲಿಗೆ ಹೊರಟಿದ್ದಾನೆ!
"ಕುಯ್ಯೋದೇ ಬೇಡ ಮಾವ. ಮೂರು ತಿಂಗಳಿಗೆ ಗ್ಯಾರಂಟಿ ಅಂತೆ."
"ಬೇಡ ಮಾರಾಯ. ಅವ್ನು ಕಳ್ಳ."
"ನಿಮಗೇನ್ ಗೊತ್ತು? ನೀವು ಡ್ಯಾಮ್ ಈಜಿದೋರು. ಅಂಗಿ ಬಿಚ್ಚೋಕೆ ನಿಮಗೇನ್ ಕಷ್ಟ?"
ನನ್ನ ಮೊಸಳೆಗಳು ನನಗೇ ಅಡ್ಡ ಬಂದವು.
ಅಂಗಡಿಯ ಶಟರ್ ಅರ್ಧ ಎಳೆದೆ. ಗುಂಡಿ ಬಿಚ್ಚಿದೆ.
"ಎಣ್ಸು," ಎಂದೆ.
ಎಣಿಸಿದ. ಒಂದು... ಎರಡು.
"ಮತ್ತೆ ಡ್ಯಾಮು?"
"ದಡದಲ್ಲಿ ಕಾಲು ತೊಳ್ದಿದೀನಿ ಕಣೋ. ಅಷ್ಟೇ."
ನಕ್ಕ. ಕಣ್ಣಲ್ಲಿ ನೀರು.
"ಆ ಬೆಲ್ಟಿನೋನು ಗೊತ್ತಾ ನಿಮಗೆ?"
"ಅವ್ನ ಅಪ್ಪನ ಕಾಲದಿಂದ ಗಿರಾಕಿ ನಾನು."
"ಎಷ್ಟು ಕಳ್ಕೊಂಡ್ರಿ?"
"ನಾಲ್ಕು ಸಾವಿರ."
ಆಪರೇಷನ್ನಿಗೆ ಒಪ್ಪಿದ.

8 ಮೇ
ಆಯಿತು. ಕೊರಳಿನ ಲಿಂಗ ತೆಗೆಯಿರಿ ಎಂದಾಗ ಮಾತ್ರ ಬಿಳಿಚಿಕೊಂಡ. ಡಾಕ್ಟರನ್ನು ಕೇಳಿ ಮುಂಗೈಗೆ ಕಟ್ಟಿಸಿದೆ. ಎಚ್ಚರವಾದ ಕೂಡಲೇ ಮೊದಲು ಅದನ್ನು ಮುಟ್ಟಿಕೊಂಡ, ಆಮೇಲೆ ಎದೆ.
"ಚಪ್ಪಟೆ ಮಾವ..."

11 ಆಗಸ್ಟ್
ಬೇಲಿಯಾಚೆ ನಿಂತು ನೋಡಿದೆ. ಅಂಗಿ ಬಿಚ್ಚಿದ. ಮಡಚಿದ. ನೆಲಕ್ಕಿಟ್ಟ. ಅವಸರವೇ ಇಲ್ಲ! ಎದೆ ಉಬ್ಬಿಸಿ ನಿಂತ. ಅಳತೆ ಪಾಸು. ಓಟ ಪಾಸು.
ಪಕ್ಕದವನಿಗೆ ಹೇಳಿದೆ, ಓಡುವುದನ್ನು ಕಲಿಸಿದ್ದು ನಾನೇ ಎಂದು.

2 ಸೆಪ್ಟೆಂಬರ್, ಬೆಳಿಗ್ಗೆ 6, ಶಿವಮೊಗ್ಗ
ಅದೇ ಆಸ್ಪತ್ರೆ. ಇವತ್ತು ನನ್ನ ಸರದಿ. ಐವತ್ತನಾಲ್ಕರಲ್ಲಿ. ಎಲ್ಲ ಪರೀಕ್ಷೆ ಮಾಡಿದರು, ಕೆಟ್ಟ ಗಂಟೇನೂ ಇಲ್ಲ.
ಹೆಂಡತಿಗೆ ಹೇಳಲು ಒಂದು ವಾರ ಒದ್ದಾಡಿದ್ದೆ. ಉಮಾಮಹೇಶ್ವರಿ ತಲೆಯನ್ನೂ ಎತ್ತಲಿಲ್ಲ.
"ದಿನಾ ಎರಡು ಬನಿಯನ್ ಒಗೆಯೋಳು ನಾನು ರೀ. ನನಗೆ ಗೊತ್ತಿಲ್ವಾ?"
ಈಗ ಪಕ್ಕದಲ್ಲೇ ಕೂತಿದ್ದಾಳೆ. ಆ ಬೆಲ್ಟಿನವನಿಗೆ ಒಟ್ಟು ಎಷ್ಟು ಸುರಿದಿರಿ ಎಂದು ಕೇಳಿದಳು. ನಾಲ್ಕು ಸಾವಿರ ಎಂದೆ.
ನನ್ನ ಹೆಸರು ಕೂಗಿದರು. ಈ ಪುಸ್ತಕವನ್ನು ಅವಳ ಕೈಗೆ ಕೊಟ್ಟೇ ಒಳಗೆ ಹೋಗಬೇಕು. ಓದದೆ ಬಿಡುವವಳಲ್ಲ. ಓದಲಿ.
ನಾಲ್ಕಲ್ಲ. ಎಣ್ಣೆ, ಮಾತ್ರೆ, ಮೂರು ಬೆಲ್ಟು, ಇಪ್ಪತ್ತಾರು ವರ್ಷ. ಅರವತ್ತೊಂದು ಸಾವಿರದ ಮುನ್ನೂರು. ಬಸ್ ಚಾರ್ಜು ಬಿಟ್ಟು—